ಬಸವನಹುಳು ಬಳಗ

ಬೇರೆಯವರ ಗುಟ್ಟು ನನಗೆ ಬೇಕಾಗಿಯೇ ಇಲ್ಲ ಎನ್ನುವವರನ್ನು ಕಂಡರೆ ನನಗೆ ಗೌರವವಿದೆ, ನಂಬಿಕೆಯಿಲ್ಲ. ಗುಟ್ಟು ಎಂದರೆ ನನ್ನ ಮಟ್ಟಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕೊಬ್ಬರಿ ಚೂರು. ಅದು ಹೊರಗೆ ಬರುವವರೆಗೆ ನಾಲಿಗೆಗೆ ಬೇರೆ ಕೆಲಸವಿಲ್ಲ. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟುಗಳ ಸಾಲಿನಲ್ಲಿ ಯಾರ ಮನೆಯ ಮುಂದೆ ಮೂವಿಂಗ್ ಟ್ರಕ್ ಬಂದು ನಿಂತರೂ ನಮ್ಮ ಮನೆಯ ಕಸದ ಚೀಲ ಆಗಲೇ ತುಂಬಿಬಿಟ್ಟಿರುತ್ತದೆ. ಅದನ್ನು ಎಸೆದು ಬರಲು ನಾನೇ ಹೋಗಬೇಕಾಗುತ್ತದೆ. ಯಾರಾದರೂ ಉಡುಗೊರೆ ತಂದುಕೊಟ್ಟರೆ ಅವರು ಕಾರು ಹತ್ತುವವರೆಗೆ ಅದನ್ನು ಬಿಚ್ಚದೆ ನಗುನಗುತ್ತಾ ಕೈ ಬೀಸುವುದಿದೆಯಲ್ಲ, ಅದಕ್ಕಿಂತ ದೊಡ್ಡ ತಪಸ್ಸನ್ನು ನಾನು ಮಾಡಿಲ್ಲ. ನನ್ನ ಗಂಡ ಶ್ರೀಧರ ಇದಕ್ಕೆ ತದ್ವಿರುದ್ಧ. ಧಾರವಾಡದವರು, ಯಾವ ವಿಷಯಕ್ಕೂ ಕುತೂಹಲವೇ ಇಲ್ಲದ ಮನುಷ್ಯ. ಅವರ ಆಫೀಸಿನ ಗೆಳೆಯನ ಮಗುವಿನ ಹುಟ್ಟುಹಬ್ಬಕ್ಕೆ ಕರೆ ಬಂದಾಗಲೇ ಆ ಗೆಳೆಯನಿಗೆ ಮದುವೆಯಾಗಿತ್ತು ಎಂಬುದು ನನಗೆ ತಿಳಿದದ್ದು. ಕೇಳಿದರೆ, "ಹೌದಲ್ಲಾ, ಅವಂದು ಲಗ್ನ ಆಗಿತ್ತು. ನಿನಗ ಹೇಳಿದ್ದಿಲ್ಲೇನು?" ಎಂದರು.

ನಮ್ಮ ಒಬ್ಬಳೇ ಮಗಳು ಮೇಘನಾ ದೇವರ ದಯೆಯಿಂದ ನನ್ನ ಕಡೆ ಹೋಗಿದ್ದಳು. ಸ್ಕೂಲಿನಿಂದ ಕರೆದುಕೊಂಡು ಬರುವಾಗ ಕಾರಿನ ಬಾಗಿಲು ಮುಚ್ಚುವ ಮೊದಲೇ ಅವಳ ಬಾಯಿ ತೆರೆಯುತ್ತಿತ್ತು. ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಟೀಚರ್ ಕ್ಲಾಸಿನಲ್ಲಿ ಅತ್ತರು, ಯಾವ ಹುಡುಗಿ ಮನೆಯಲ್ಲಿ ಹೇಳದೆ ಕೂದಲಿಗೆ ನೀಲಿ ಬಣ್ಣ ಹಾಕಿಸಿಕೊಂಡು ಟೋಪಿಯೊಳಗೆ ಬಚ್ಚಿಟ್ಟುಕೊಂಡಿದ್ದಾಳೆ, ಎಲ್ಲವೂ ಮನೆ ತಲುಪುವಷ್ಟರಲ್ಲಿ ನನಗೆ ಸಂದಾಯವಾಗುತ್ತಿತ್ತು. ಅವಳು ಪಿಸ್ಕಾಟವೇ ಊರಿನ ಯೂನಿವರ್ಸಿಟಿ ಸೇರಿ ಡಾರ್ಮಿನಲ್ಲಿ ಉಳಿದುಕೊಂಡ ಮೇಲೂ ಸಂಜೆಯ ಫೋನು ತಪ್ಪುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಮುಚ್ಚುಮರೆಯೇ ಇಲ್ಲ ಎಂದು ನಾನು ಗೆಳತಿಯರ ಮುಂದೆ ಹೇಳಿಕೊಂಡು ಮೆರೆಯುತ್ತಿದ್ದೆ.

ಎರಡನೆಯ ವರ್ಷದ ಚಳಿಗಾಲದಲ್ಲಿ ಒಂದು ದಿನ ಫೋನು ಬಂತು. ಎತ್ತಿದ ಕೂಡಲೇ ಕಿರುಚಾಟ.

"ಅಮ್ಮಾ! ಐ ಗಾಟ್ ಎ ಬಿಡ್!"

ನ್ಯೂಜೆರ್ಸಿಯಲ್ಲಿ ಬಿಡ್ ಎಂಬ ಮಾತಿಗೆ ನನಗೆ ಗೊತ್ತಿದ್ದ ಅರ್ಥ ಒಂದೇ. ನಮ್ಮ ಪರಿಚಯದವರೆಲ್ಲ ಒಳ್ಳೆಯ ಶಾಲೆಗಳಿರುವ ಕಡೆ ಮನೆ ಕೊಳ್ಳಲು ಬಿಡ್ ಹಾಕುತ್ತಲೇ ಇರುತ್ತಾರೆ, ಅದು ಕೈತಪ್ಪಿತೆಂದು ಮುಖ ಸಪ್ಪೆ ಮಾಡಿಕೊಂಡು ಪಾಟ್‌ಲಕ್ಕಿನ ಊಟಕ್ಕೆ ಬರುತ್ತಲೇ ಇರುತ್ತಾರೆ. ನಾನು ಗಾಬರಿಯಿಂದ, "ಯಾವ ಮನೆಗೇ?" ಎಂದೆ. ಸೋಫಾದಲ್ಲಿ ಒರಗಿದ್ದ ಶ್ರೀಧರ ಕಣ್ಣು ತೆರೆಯದೆಯೇ, "ಸ್ಕೂಲ್ ಡಿಸ್ಟ್ರಿಕ್ಟ್ ಚಲೋ ಅದನೇನು ಕೇಳು" ಎಂದರು.

ಅದು ಮನೆಯಲ್ಲ, ಸೊರೊರಿಟಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸೊರೊರಿಟಿ ಎಂದರೆ ಕಾಲೇಜಿನ ಹುಡುಗಿಯರು ಅಕ್ಕತಂಗಿಯರಾಗಿ ಇರುತ್ತೇವೆಂದು ಮಾತು ಕೊಟ್ಟು ಕಟ್ಟಿಕೊಂಡ ಸಂಘ. ನಾವಾಗಿಯೇ ಹೋಗಿ ಸೇರುವಂತಿಲ್ಲ, ಅವರು ನೋಡಿ, ಮಾತಾಡಿಸಿ, ಮೆಚ್ಚಿ ಕರೆಯಬೇಕು. ಆ ಕರೆಯೇ ಬಿಡ್. ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಫೋನಿನಲ್ಲಿ ಇದನ್ನು ವಿವರಿಸಲು ಹೋದೆ. ಅವರಿಗೆ ಕಿವಿ ಸ್ವಲ್ಪ ಮಂದ. "ಸೊಸೈಟಿನಾ? ಸೇರ್ಲಿ ಬಿಡೇ. ಅಲ್ಲೂ ಸೀಮೆಎಣ್ಣೆ ಕೊಡ್ತಾರಾ?" ಎಂದರು. ನಾನು ಹೌದೆಂದುಬಿಟ್ಟೆ.

ಕೆಲವು ವಾರ ಕಳೆದು, ಸಂಘದ ದೀಕ್ಷೆ ಮುಗಿಸಿ ಮೇಘನಾ ಮನೆಗೆ ಬಂದಾಗ ಅವಳ ಎದೆಯ ಮೇಲೆ ಸಂಘದ ಹೆಸರಿನ ಮೂರು ಗ್ರೀಕ್ ಅಕ್ಷರಗಳಿದ್ದವು. ಬೂದಿ ಬಣ್ಣದ ದಪ್ಪ ಸ್ವೆಟ್‌ಶರ್ಟು, ಅದರ ಮೇಲೆ ಕನಕಾಂಬರದ ಬಣ್ಣದ ಅಕ್ಷರಗಳು. ಇವೆರಡೂ ಸಂಘದ ಬಣ್ಣಗಳಂತೆ. ಸಂಘದ ಹೂವು ಚೆಂಡುಹೂವು. ಮೈಸೂರಿನಲ್ಲಿ ಆಯುಧಪೂಜೆಯ ದಿನ ಆಟೋರಿಕ್ಷಾಗಳ ಮೂತಿಗೆ ಕಟ್ಟುವ ಹೂವಿಗೆ ಇಲ್ಲಿ ಈ ಮರ್ಯಾದೆ ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ಸಂಘದ ಪ್ರಾಣಿ ಯಾವುದೆಂದು ಕೇಳಿದಾಗ ಮಾತ್ರ ಸುಮ್ಮನಿರಲು ಆಗಲಿಲ್ಲ. ಸಿಂಹವಲ್ಲ, ಹಂಸವಲ್ಲ, ಬಸವನಹುಳು.

"ಅದೇ ಯಾಕೆ?" ಎಂದೆ.

"ಅಮ್ಮ, ಇಟ್ಸ್ ಬ್ಯೂಟಿಫುಲ್. ಸ್ಲೋ ಆದ್ರೂ ನಿಲ್ಲಲ್ಲ. ಆಂಡ್ ಇಟ್ ಕ್ಯಾರೀಸ್ ಇಟ್ಸ್ ಹೋಮ್ ವಿತ್ ಇಟ್."

ಪ್ಯಾಟಿಯೋದ ಕುಂಡಗಳಲ್ಲಿ ನಾನು ಬೆಳೆಯುವ ಮೆಂತ್ಯದ ಸೊಪ್ಪನ್ನು ಮೇಯುತ್ತಿದ್ದ ಪ್ರಾಣಿ ಅದೇ. ಅಲ್ಲಿಯವರೆಗೆ ಉಪ್ಪು ಎರಚಿ ಓಡಿಸುತ್ತಿದ್ದೆ. ಅಂದಿನಿಂದ ಉಪ್ಪು ನಿಷೇಧವಾಯಿತು. ಮಗಳ ಸಂಘದ ಗೌರವಕ್ಕಾಗಿ ಆ ವರ್ಷ ನಾವು ಮೆಂತ್ಯವನ್ನು ಅಂಗಡಿಯಿಂದ ತಂದೆವು.

ಇನ್ನೂ ಬಹಳವಿತ್ತು. ಎರಡು ಬೆರಳನ್ನು ಹುಳದ ಕೊಂಬಿನ ಹಾಗೆ ನಿಲ್ಲಿಸಿ ತೋರಿಸುವ ಸನ್ನೆ ಅವರ ಗುರುತು. ಮನೆಯಲ್ಲಿ ಫೋಟೋ ತೆಗೆಯುವಾಗ ಶ್ರೀಧರ ಖುಷಿಗೆ ತಾವೂ ಹಾಗೆ ಬೆರಳೆತ್ತಿ, "ಅಪ್ಪಾ, ನೀವು ಮಾಡೋ ಹಾಗಿಲ್ಲ!" ಎಂದು ಬೈಸಿಕೊಂಡರು. ಹೊಸದಾಗಿ ಸೇರಿದ ಪ್ರತಿಯೊಬ್ಬಳಿಗೂ ಒಬ್ಬ ಹಿರಿಯ ಹುಡುಗಿ 'ಬಿಗ್' ಆಗುತ್ತಾಳೆ, ಅಂದರೆ ದೊಡ್ಡಕ್ಕ. ಮೇಘನಾಳ ಬಿಗ್ ಬ್ರಿಯಾನಾ ಎಂಬ ಜೆರ್ಸಿ ಕಡಲತೀರದ ಕಡೆಯ ಹುಡುಗಿ. ಬ್ರಿಯಾನಾಳ ಬಿಗ್ ಇವಳಿಗೆ ಗ್ರ್ಯಾಂಡ್-ಬಿಗ್, ಅವಳ ಬಿಗ್ ಗ್ರೇಟ್-ಗ್ರ್ಯಾಂಡ್-ಬಿಗ್. ನಮ್ಮ ಮುತ್ತಜ್ಜಿಯ ಹೆಸರನ್ನು ಎಷ್ಟು ಸಲ ಹೇಳಿಕೊಟ್ಟರೂ ಮರೆಯುತ್ತಿದ್ದ ಮಗಳು ಈ ವಂಶಾವಳಿಯನ್ನು ತಡವರಿಸದೆ ಒಪ್ಪಿಸಿದಳು. ಸಂಘದ ಮೌಲ್ಯಗಳು ಮೂರು: ವಿದ್ಯೆ, ಸೇವೆ, ಸೋದರಿತನ. ಇದರಲ್ಲಿ ತಕರಾರು ಮಾಡುವಂಥದ್ದು ಏನಿದೆ? ನಾನು ತೃಪ್ತಿಯಿಂದ ತಲೆಯಾಡಿಸಿ ಸಹಜವಾಗಿಯೇ ಕೇಳಿದೆ:

"ಸರಿ, ಈ ಮೂರು ಅಕ್ಷರಕ್ಕೆ ಏನರ್ಥ?"

"ಅದು ಸೀಕ್ರೆಟ್ ರಿಚುಯಲ್, ಅಮ್ಮ. ಹೇಳೋ ಹಾಗಿಲ್ಲ."

"ನನಗೂ?"

"ಯಾರಿಗೂ."

ನನ್ನ ಹಲ್ಲಿನ ಸಂದಿಗೆ ಇಡೀ ತೆಂಗಿನಕಾಯಿಯೇ ಸಿಕ್ಕಿಕೊಂಡಿತು. ವೃತ್ತಿಯಿಂದ ನಾನು ಸಂಖ್ಯಾಶಾಸ್ತ್ರದವಳು. ಔಷಧಿ ಕಂಪನಿಗಳ ಅಂಕಿಅಂಶಗಳ ನಡುವೆ ದಿನಾ ಗ್ರೀಕ್ ಅಕ್ಷರಗಳ ಜೊತೆಗೇ ಏಗುವವಳು. ನನ್ನ ಮನೆಯ ವಾಷಿಂಗ್ ಮೆಷೀನಿನಲ್ಲಿ ತಿರುಗುವ ಮೂರು ಗ್ರೀಕ್ ಅಕ್ಷರಗಳ ಅರ್ಥ ನನಗೆ ಗೊತ್ತಿಲ್ಲವೆಂದರೆ ಹೇಗೆ? ಮಗಳಿಗೆ ಇಷ್ಟವಾದ ಬಿಸಿಬೇಳೆಬಾತು ಮಾಡಿ ಮೇಲೆ ತುಪ್ಪ ಸುರಿದೆ. ಅವಳು ತಿಂದಳು, ತೇಗಿದಳು, ಹೇಳಲಿಲ್ಲ. "ನಾನೇ ಊಹೆ ಮಾಡ್ತೀನಿ, ನೀನು ಹೂಂ ಉಹೂಂ ಅನ್ನು ಸಾಕು" ಎಂದು ಗೊತ್ತಿದ್ದ ಸದ್ಗುಣಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಅವಳು ಗೋಡೆಯ ಹಾಗೆ ಕೂತಿದ್ದಳು. ಆ ನಿರ್ವಿಕಾರ ಮುಖವನ್ನು ನಾನು ಅದಕ್ಕೆ ಮೊದಲು ಅವಳ ಅಪ್ಪನಲ್ಲಿ ಮಾತ್ರ ಕಂಡಿದ್ದೆ. "ಯಾಕ ಸುಮ್ನ ತಲಿ ಕೆಡಿಸ್ಕೋತಿ? ಅಕಿ ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ" ಎಂದರು ಶ್ರೀಧರ, ದನಿಯಲ್ಲಿ ಸಣ್ಣ ಹೆಮ್ಮೆ ಇಟ್ಟುಕೊಂಡು.

ಮಗಳು ಬಗ್ಗದಿದ್ದರೆ ಅವಳ ದೊಡ್ಡಕ್ಕನನ್ನೇ ಹಿಡಿಯೋಣವೆಂದು ಬ್ರಿಯಾನಾಳನ್ನು ಊಟಕ್ಕೆ ಕರೆದೆ. ಉದ್ದನೆಯ ಹುಡುಗಿ, ಮುಖದ ತುಂಬ ಚುಕ್ಕೆ, ಬಾಗಿಲಲ್ಲೇ ಶೂ ಬಿಚ್ಚಿಟ್ಟು ಒಳಗೆ ಬಂದು, "ಹಾಯ್ ಆಂಟಿ" ಎಂದಳು. ಅಲ್ಲಿಗೇ ನಾನು ಅರ್ಧ ಕರಗಿದೆ. ಸಾರನ್ನು ಲೋಟದಲ್ಲಿ ಹಾಕಿಕೊಟ್ಟರೆ ಕಣ್ಣು ಮುಚ್ಚಿಕೊಂಡು ಕುಡಿದಳು. ಹೋಳಿಗೆ ಬಡಿಸುತ್ತಾ ನಾನು ಮೆಲ್ಲಗೆ ಅಕ್ಷರಗಳ ವಿಷಯಕ್ಕೆ ಬಂದೆ. ಅವಳು ಮುದ್ದಾಗಿ ನಕ್ಕು ತುಟಿಯ ಮೇಲೆ ಜಿಪ್ ಎಳೆದಂತೆ ಮಾಡಿ, ಸಾರಿನ ಪುಡಿಯನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಆ ಹುಡುಗಿಯ ಕಣ್ಣಿನಲ್ಲಿ ಏನೋ ಇತ್ತು. ಪುಡಿಯನ್ನು ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತರುತ್ತೇನೆಂದು ನಾನು ಹೇಳಿಬಿಟ್ಟೆ. "ವಾಟ್? ಅಜ್ಜಿಯ ರೆಸಿಪಿ ಅಂತ ಹೇಳ್ತಿದ್ದೆಯಲ್ಲ!" ಎಂದು ಮೇಘನಾ ಎದ್ದು ನಿಂತಳು. ಶ್ರೀಧರ ಲೋಟವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಒಂದೇ ಊಟದಲ್ಲಿ ಬ್ರಿಯಾನಾ ನನ್ನ ಗುಟ್ಟನ್ನು ಹೊರಗೆಳೆದು, ತನ್ನದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಕಟ್ಟಿಕೊಟ್ಟ ಹೋಳಿಗೆಯ ಸಮೇತ ಹೊರಟುಹೋದಳು.

ಇನ್ನು ಸ್ವೆಟ್‌ಶರ್ಟಿನ ಪ್ರಕರಣ. ಅದನ್ನು ನಾನು ಬೇಕೆಂದೇ ಹಾಕಿಕೊಂಡೆ ಎಂದು ತಂದೆ ಮಗಳು ಇಬ್ಬರೂ ಇವತ್ತಿಗೂ ವಾದಿಸುತ್ತಾರೆ. ನಡೆದದ್ದು ಇಷ್ಟೇ. ಒಂದು ಶನಿವಾರ ಬೆಳಗ್ಗೆ ಕೊರೆಯುವ ಚಳಿ, ಡ್ರೈಯರಿನಿಂದ ಆಗ ತಾನೇ ತೆಗೆದ ಬಿಸಿ ಬಿಸಿ ಬಟ್ಟೆ, ಮೇಲೆಯೇ ಇದ್ದದ್ದು ಅದು. ಹಾಕಿಕೊಂಡು ಐಸೆಲಿನ್‌ಗೆ ಸಾಮಾನು ತರಲು ಹೋದೆವು. ಅಂಗಡಿಯಲ್ಲಿ ನಾನು ತೊಂಡೆಕಾಯಿ ಆರಿಸುತ್ತಿದ್ದಾಗ ಎದುರಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದಿದ್ದ ಬೆಳ್ಳಿ ಕೂದಲಿನ ಅಮೆರಿಕನ್ ಹೆಂಗಸೊಬ್ಬರು ನನ್ನ ಎದೆಯನ್ನೇ ನೋಡುತ್ತಾ ನಿಂತರು. ಆಮೇಲೆ ಎರಡು ಬೆರಳನ್ನು ಕೊಂಬಿನ ಹಾಗೆ ಎತ್ತಿದರು. ಸೌಜನ್ಯಕ್ಕೆ ನಾನೂ ಎತ್ತಿದೆ. ಅಷ್ಟಕ್ಕೇ ಅವರ ಮುಖ ಅರಳಿತು. ಗಾಡಿಯನ್ನು ಬದಿಗೆ ತಳ್ಳಿ ಬಂದು, ನನ್ನ ಕೈ ಹಿಡಿದು, ಕಿರುಬೆರಳನ್ನು ಎಲ್ಲಿಗೋ ಸಿಕ್ಕಿಸಿ, ಹೆಬ್ಬೆರಳನ್ನು ಒತ್ತಿ, ಪಿಸುದನಿಯಲ್ಲಿ ಏನೋ ಒಂದು ಸಾಲು ಹೇಳಿದರು. ಗ್ರೀಕೋ ಲ್ಯಾಟಿನ್ನೋ ತಿಳಿಯಲಿಲ್ಲ. ಅದರ ಉಳಿದರ್ಧವನ್ನು ನಾನು ಹೇಳಬೇಕೆಂದು ಮಾತ್ರ ತಿಳಿಯಿತು, ಏಕೆಂದರೆ ಅವರು ಕಾಯುತ್ತಿದ್ದರು. ಹಿಂದೆ ಬಟಾಣಿ ಪ್ಯಾಕೆಟ್ಟು ಹಿಡಿದು ಶ್ರೀಧರರೂ ಕಾಯುತ್ತಿದ್ದರು.

"ಸೇಮ್ ಟು ಯೂ" ಎಂದೆ.

ಆಕೆಯ ಹುಬ್ಬು ಮೇಲೇರಿತು. ಯಾವ ಚಾಪ್ಟರ್ ಎಂದು ಕೇಳಿದರು. ಚಾಪ್ಟರ್ ಎಂದರೆ ಯಾವ ಕಾಲೇಜಿನ ಶಾಖೆ ಎಂದರ್ಥವಂತೆ, ಆಮೇಲೆ ತಿಳಿಯಿತು. ನಾನು, "ಪ್ಲೇನ್ಸ್‌ಬರೋ" ಎಂದೆ. ಅವರು ಕೈಯಲ್ಲಿದ್ದ ಕೊತ್ತಂಬರಿಯ ನೀರೆಲ್ಲ ನನ್ನ ಮೇಲೆ ಸಿಡಿಯುವ ಹಾಗೆ ನಕ್ಕರು. "ಮಗಳದ್ದು ತಾನೇ? ಅವಳಿಗೇ ವಾಪಸ್ ಕೊಟ್ಟುಬಿಡಿ ಹನಿ, ಅವಳು ಅದನ್ನು ಸಂಪಾದಿಸಿದ್ದಾಳೆ" ಎಂದು ಇಂಗ್ಲಿಷಿನಲ್ಲಿ ಮೃದುವಾಗಿಯೇ ಹೇಳಿ, ತೊಂಡೆಕಾಯಿಯನ್ನು ಹೇಗೆ ಬೇಯಿಸುವುದೆಂದು ವಿಚಾರಿಸಿಕೊಂಡು ಹೋದರು.

ನಾನೇ ಇದನ್ನು ಮೇಘನಾಳಿಗೆ ತಮಾಷೆಯೆಂದು ಹೇಳಿದೆ. ಅವಳಿಗೆ ತಮಾಷೆಯಾಗಿ ಕಾಣಲಿಲ್ಲ. "ಅಮ್ಮಾ, ಲೆಟರ್ಸ್ ಅರ್ನ್ ಮಾಡಬೇಕು! ಇಟ್ಸ್ ನಾಟ್ ಎ ನೈಟಿ!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅಂದಿನಿಂದ ಬಟ್ಟೆ ಒಗೆಯಲು ಮನೆಗೆ ತರುವುದನ್ನೇ ನಿಲ್ಲಿಸಿದಳು. ಸಂಜೆಯ ಫೋನೂ ಚಿಕ್ಕದಾಯಿತು. "ಹೇಗಿದೀಯ?" "ಫೈನ್." "ಕ್ಲಾಸು?" "ಫೈನ್." ಅಕ್ಷರಗಳ ವಿಷಯಕ್ಕೆ ನಾನು ಮತ್ತೆ ಬರುತ್ತೇನೆಂಬ ಭಯಕ್ಕೆ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡೆ. ಭಯ ಸುಳ್ಳೇನಲ್ಲ, ನಾನು ಬರುತ್ತಲೇ ಇದ್ದೆ.

ವಸಂತ ಬಂದು ಹೊರಗೆ ಮರಗಳೆಲ್ಲ ಹೂ ಬಿಟ್ಟಿದ್ದ ಒಂದು ಬುಧವಾರ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಶ್ರೀಧರ ರೊಟ್ಟಿ ಬೇಕೆಂದಿದ್ದರಿಂದ ಮಧ್ಯಾಹ್ನ ಮೀಟಿಂಗು ಮುಗಿಸಿ ಜೋಳದ ಹಿಟ್ಟು ನಾದುತ್ತಿದ್ದಾಗ ಬಾಗಿಲು ತೆರೆದುಕೊಂಡು ಮೇಘನಾ ಒಳಗೆ ಬಂದಳು. ವಾರದ ನಡುವೆ ಅವಳು ಹಾಗೆ ಬಂದದ್ದೇ ಇಲ್ಲ. ಮೈಮೇಲೆ ಅಕ್ಷರಗಳೂ ಇರಲಿಲ್ಲ. ಬ್ಯಾಗನ್ನು ಅಲ್ಲೇ ಬಿಟ್ಟು ಅಡುಗೆಮನೆಯ ನೆಲದ ಮೇಲೆ, ಡಿಶ್‌ವಾಷರಿಗೆ ಒರಗಿ ಕೂತಳು.

"ಏನಾಯ್ತೇ?"

"ಐ ಆಮ್ ಡ್ರಾಪಿಂಗ್. ಸೊರೊರಿಟಿ ಬಿಟ್ಟುಬಿಡ್ತೀನಿ. ಇಟ್ಸ್ ಆಲ್ ಫೇಕ್."

ಬಿಕ್ಕುತ್ತಾ ಹೇಳಿದ್ದರ ಸಾರಾಂಶ ಇಷ್ಟು. ಹೊಸದಾಗಿ ಸೇರುವವರಿಗೆ ಸಂಘದ ಸಂಪ್ರದಾಯಗಳನ್ನು ಕಲಿಸುವ ಒಂದು ಹುದ್ದೆಯಿದೆ. ಮೇಘನಾಳಿಗೆ ಅದರ ಮೇಲೆ ತುಂಬಾ ಆಸೆಯಿತ್ತು. ಹಿಂದಿನ ದಿನ ಚುನಾವಣೆಯ ಸಭೆಯಲ್ಲಿ ಎಲ್ಲರ ಮುಂದೆ ಬ್ರಿಯಾನಾ ಎದ್ದು ನಿಂತು, ಮೇಘನಾ ಇದಕ್ಕೆ ಇನ್ನೂ ತಯಾರಾಗಿಲ್ಲ, ಅವಳನ್ನು ಆರಿಸಬೇಡಿ ಎಂದುಬಿಟ್ಟಳಂತೆ. ಬೇರೆ ಯಾರೂ ಅಲ್ಲ, ಸ್ವಂತ ಬಿಗ್. ಹುದ್ದೆ ಬೇರೆಯವಳ ಪಾಲಾಯಿತು.

"ಸಿಸ್ಟರ್‌ಹುಡ್ ಅಂತೆ, ವ್ಯಾಲ್ಯೂಸ್ ಅಂತೆ!" ಎಂದು ತೋಳಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನಿನಗೆ ಗೊತ್ತಾಗಬೇಕಿತ್ತಲ್ಲ ಅಮ್ಮ? ಹೇಳ್ತೀನಿ ಕೇಳು. ಎಲ್ಲಾ ಹೇಳ್ತೀನಿ. ಆ ಫಸ್ಟ್ ಲೆಟರ್ ಇದೆಯಲ್ಲ, ಅದು..."

ದೇವರಾಣೆ, ನನ್ನ ಎರಡೂ ಕಿವಿ ನಿಮಿರಿದವು. ಆ ಒಂದು ಮಾತಿಗಾಗಿ ನಾನು ಎಷ್ಟು ತುಪ್ಪ ಸುರಿದಿದ್ದೆ! ಆದರೆ ಅವಳ ಮುಖ ನೋಡಿದೆ. ಅದು ಹೇಳುವ ಮುಖವಾಗಿರಲಿಲ್ಲ, ಎಸೆಯುವ ಮುಖವಾಗಿತ್ತು. ಚಿಕ್ಕವಳಿದ್ದಾಗ ಸಿಟ್ಟು ಬಂದರೆ ತನಗೆ ಬಹಳ ಪ್ರೀತಿಯ ಬೊಂಬೆಯನ್ನೇ ಕಿಟಕಿಯಿಂದ ಆಚೆ ಎಸೆದು, ಆಮೇಲೆ ಅದಕ್ಕಾಗಿಯೇ ಅಳುತ್ತಿದ್ದಳಲ್ಲ, ಆ ಮುಖ. ನನಗೇ ತಿಳಿಯದ ಹಾಗೆ ನಾನು ಕೆಳಗೆ ಕೂತು, ಜೋಳದ ಹಿಟ್ಟು ಮೆತ್ತಿದ ಅಂಗೈಯನ್ನು ಅವಳ ಬಾಯಿಗೆ ಅಡ್ಡ ಒತ್ತಿದ್ದೆ.

"ಬೇಡ" ಎಂದೆ. "ಹೇಳಬೇಡ."

ಅವಳು ಕಣ್ಣರಳಿಸಿ ನೋಡಿದಳು. ನಾನು ನನ್ನ ಕೈಯನ್ನು ಅವಳಿಗಿಂತ ಹೆಚ್ಚು ಆಶ್ಚರ್ಯದಿಂದ ನೋಡಿದೆ.

"ಬಿಡೋದಾದರೆ ಬಿಡು, ಅದು ನಿನ್ನಿಷ್ಟ. ಆದರೆ ನೀನು ಮಾತು ಕೊಟ್ಟದ್ದು ಬ್ರಿಯಾನಾ ಒಬ್ಬಳಿಗೇ ಅಲ್ಲವಲ್ಲ. ಇವತ್ತು ಸಿಟ್ಟಲ್ಲಿ ಹೇಳಿಬಿಟ್ಟರೆ ನಾಳೆ ನಿನಗೆ ನೀನೇ ಸರಿಬರೋದಿಲ್ಲ."

ಅವಳು ನನ್ನ ಭುಜಕ್ಕೆ ತಲೆಯಿಟ್ಟು ಜೋರಾಗಿ ಅತ್ತಳು. ಎದ್ದಾಗ ಮೂಗಿನಿಂದ ಗದ್ದದವರೆಗೆ ಬಿಳಿ ಹಿಟ್ಟು. ಕನ್ನಡಿ ತೋರಿಸಿದೆ. ಅಳುವಿನ ನಡುವೆಯೇ ನಗು ಬಂತು. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಟ್ಟರೆ ಬೇಡ ಬೇಡ ಎನ್ನುತ್ತಲೇ ತಿಂದಳು.

ಸಂಜೆ ಶ್ರೀಧರ ಆಫೀಸಿನಿಂದ ಬರುವ ಹೊತ್ತಿಗೆ ಸರಿಯಾಗಿ ಪಾರ್ಕಿಂಗಿನಲ್ಲಿ ಬ್ರಿಯಾನಾಳ ಕಾರು ನಿಂತಿತ್ತಂತೆ. ಇಳಿಯಲೋ ಬೇಡವೋ ಎಂದು ಸ್ಟಿಯರಿಂಗ್ ಹಿಡಿದುಕೊಂಡು ಒಳಗೇ ಕೂತಿದ್ದಳಂತೆ. ಯಾಕೆ ಬಂದೆ, ಏನಾಯಿತು ಎಂದು ಕೇಳುವ ಅಭ್ಯಾಸ ಅವರಿಗಿಲ್ಲವಲ್ಲ. "ಬಾರವಾ, ಒಳಗ ಬಾ. ರೊಟ್ಟಿ ಮಾಡ್ಯಾರ" ಎಂದು ಕರೆದುಕೊಂಡೇ ಬಂದರು. ಕನ್ನಡದಲ್ಲಿ ಕರೆದರೂ ಅವಳಿಗೆ ಅರ್ಥವಾಗಿತ್ತು.

ಮೇಘನಾ ಸೋಫಾದಿಂದ ಏಳಲಿಲ್ಲ. ಬ್ರಿಯಾನಾ ಬಾಗಿಲ ಬಳಿಯೇ ನಿಂತು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳತೊಡಗಿದಳು: "ನಿನಗೆ ಆ ಕೆಲಸ ಬರೋದಿಲ್ಲ ಅಂತಲ್ಲ ಮೇಘ್. ನಿನಗಿಂತ ಚೆನ್ನಾಗಿ ಯಾರೂ ಮಾಡೋದಿಲ್ಲ. ಆದರೆ ನೀನು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಫೇಲಾಗ್ತಾ ಇದೀಯ. ಎರಡು ಪರೀಕ್ಷೆ ಹೋಯಿತು. ಕ್ಲಾಸಿಗೆ ಹೋಗೋದನ್ನೇ ಬಿಟ್ಟಿದೀಯ. ಇದನ್ನೂ ತಲೆಗೆ ಕಟ್ಟಿಕೊಂಡರೆ ಡಾಕ್ಟರ್ ಆಗೋ ನಿನ್ನ ಆಸೆ ಏನಾಗುತ್ತೆ? ನಾನು ಮೊದಲು ನಿನಗೇ ಹೇಳಬೇಕಿತ್ತು. ಹೇಳೋಕೆ ಧೈರ್ಯ ಬರಲಿಲ್ಲ. ಅದು ನನ್ನ ತಪ್ಪು."

ಮಾತು ಮುಗಿದ ಮೇಲೆ ಅವಳಿಗೆ ನಾವು ಅಲ್ಲೇ ಇದ್ದೇವೆಂದು ಹೊಳೆಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೇಘನಾ ನನ್ನನ್ನು ನೋಡಿ ತಲೆ ತಗ್ಗಿಸಿದಳು.

ನಾನು ಅಷ್ಟು ತಿಂಗಳು ಬೇರೆ ಗುಟ್ಟಿನ ಬೆನ್ನು ಹತ್ತಿದ್ದೆ. "ಕ್ಲಾಸು?" ಎಂದರೆ "ಫೈನ್" ಎನ್ನುತ್ತಿದ್ದಳಲ್ಲ, ಆ "ಫೈನ್" ಒಳಗೆ ಏನಿದೆ ಎಂದು ಒಂದು ದಿನವೂ ಕೆದಕಿ ನೋಡಿರಲಿಲ್ಲ. ನನ್ನ ಕುತೂಹಲವೆಲ್ಲ ಗ್ರೀಸಿಗೆ ಹೋಗಿ ಕೂತಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶ್ರೀಧರರೇ ಮಾತಾಡಿದರು.

"ಎರಡು ಪರೀಕ್ಷಾ ಹೋಗ್ಯಾವ. ಇನ್ನ ಉಳದಾವೋ ಇಲ್ಲೋ?"

"ಉಳಿದಿವೆ" ಎಂದಳು ಮೇಘನಾ, ಕೇಳಿಯೂ ಕೇಳದ ದನಿಯಲ್ಲಿ.

"ಹಂಗಾದ್ರ ಮೊದಲ ಉಣ್ಣರಿ."

ಬ್ರಿಯಾನಾ ತಟ್ಟೆ ಹಿಡಿದು ಮೇಘನಾಳ ಪಕ್ಕ ಕೂತಳು. ಎಣ್ಣೆಗಾಯಿ ಖಾರವಾಗಿ ಬ್ರಿಯಾನಾಳ ಮುಖ ಕೆಂಪಾದಾಗ ಮೇಘನಾ ಸುಮ್ಮನೆ ಮೊಸರಿನ ಬಟ್ಟಲನ್ನು ಅವಳ ಕಡೆ ತಳ್ಳಿದಳು. ಅಲ್ಲಿಗೆ ರಾಜಿಯಾಯಿತೆಂದು ನಾನು ತಿಳಿದುಕೊಂಡೆ.

ಅಂದಿನಿಂದ ಸೆಮಿಸ್ಟರ್ ಮುಗಿಯುವವರೆಗೆ ಶನಿವಾರ ಬಂತೆಂದರೆ ನಮ್ಮ ಊಟದ ಮೇಜು ಬ್ರಿಯಾನಾಳ ಪಾಠಶಾಲೆ. ಬಣ್ಣದ ಉಂಡೆಗಳಿಗೆ ಕಡ್ಡಿ ಚುಚ್ಚಿ ಅಣುಗಳನ್ನು ಕಟ್ಟಿ ಕಟ್ಟಿ ಬಿಚ್ಚುತ್ತಿದ್ದರು. ಸಂಘದ ಇನ್ನಿಬ್ಬರು ಹುಡುಗಿಯರೂ ಬರತೊಡಗಿದರು. ಒಬ್ಬಳು ಪ್ರಶ್ನೆ ಕೇಳುವವಳು, ಇನ್ನೊಬ್ಬಳು ಉಪ್ಪಿಟ್ಟು ತಿನ್ನುವವಳು. ಕೊನೆಯಲ್ಲಿ ಮೇಘನಾ ಪಾಸಾದಳು. ಊರಿಗೆಲ್ಲ ಹೇಳಿಕೊಳ್ಳುವಂಥ ಗ್ರೇಡಲ್ಲ, ಹಾಗಾಗಿ ಎಷ್ಟೆಂದು ನಾನಿಲ್ಲಿ ಹೇಳುವುದಿಲ್ಲ. ಸಂಘವನ್ನೂ ಬಿಡಲಿಲ್ಲ. ಬ್ರಿಯಾನಾಳ ಗ್ರ್ಯಾಜುಯೇಷನ್ನಿನ ದಿನ ಇವಳೇ ಐಸೆಲಿನ್‌ಗೆ ಹೋಗಿ ಮೊಣಕಾಲುದ್ದದ ಚೆಂಡುಹೂವಿನ ಹಾರ ತಂದು ಆ ಹುಡುಗಿಯ ಕೊರಳಿಗೆ ಹಾಕಿದಳು. ನೋಡಿದವರು ಬ್ರಿಯಾನಾ ಚುನಾವಣೆ ಗೆದ್ದಳೆಂದುಕೊಂಡಿರಬೇಕು.

ಅಂದು ಸಂಜೆ ಗೆಳತಿಯರ ಜೊತೆ ಹೊರಡುವ ಮುನ್ನ ಮೇಘನಾ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಅಮ್ಮ, ಅವತ್ತು ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಥ್ಯಾಂಕ್ಸ್. ಹೇಳಿಬಿಟ್ಟಿದ್ದರೆ ಐ ವುಡ್ ಹ್ಯಾವ್ ಹೇಟೆಡ್ ಮೈಸೆಲ್ಫ್."

"ಕೊಟ್ಟ ಮಾತು ಅಂದರೆ ಮಾತು ಕಣಮ್ಮ" ಎಂದೆ, ಬಹಳ ಗಂಭೀರವಾಗಿ. ಆ ಕ್ಷಣದಲ್ಲಿ ನನ್ನ ಮೇಲೆ ನನಗೇ ಎಷ್ಟು ಗೌರವ ಬಂತೆಂದರೆ, ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿದೆ. ಪಕ್ಕದಲ್ಲಿದ್ದ ಶ್ರೀಧರ ಅಪರೂಪಕ್ಕೆ ನನ್ನನ್ನು ಮೆಚ್ಚುಗೆಯಿಂದ ನೋಡಿ, "ಖರೇನ ದೊಡ್ಡಾಕಿ ಆದಿ ನೋಡು ನೀ. ನಾ ಅಂತೂ ನಂಬಿದ್ದಿಲ್ಲ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದಾಗಲೇ ಆ ಯೋಚನೆ ಬಂದದ್ದು. ಆ ದಿನ ಅವಳು ಹೇಳುವುದನ್ನೆಲ್ಲ ಮೊದಲು ಪೂರ್ತಿಯಾಗಿ ಕೇಳಿಸಿಕೊಂಡು, ಆಮೇಲೆ "ಛೆ, ಹೀಗೆಲ್ಲ ಹೇಳಬಾರದಮ್ಮ" ಎಂದು ಬುದ್ಧಿ ಹೇಳಬಹುದಿತ್ತಲ್ಲ!